ಬಸ್ಸಿನ ಅಡಿ ನೋಡೋರು ಯಾರು ಸ್ವಾಮಿ?

ಶಿವಮೊಗ್ಗ–ಭದ್ರಾವತಿ ಬಸ್ಸು ಹತ್ತುವ ಮುನ್ನ ನಾವು ನೋಡೋದೇನು? ಹೊಸ ಬಣ್ಣ, ಮುಂದೆ ಹೂವಿನ ಹಾರ, ಕಿಟಕಿ ಪಕ್ಕದ ಸೀಟು. ಪ್ರಾಣ ಇರೋದು ಮಾತ್ರ ಅಡಿಯಲ್ಲಿ!

ನೇರ ರಸ್ತೆಯಲ್ಲೂ ಗಾಡಿ ಏಡಿಯಂತೆ ಓರೆಯಾಗಿ ಹೋದರೆ, ಟೈರು ಒಂದೇ ಕಡೆ ಸವೆದರೆ, ಚಾಸಿ ಬಗ್ಗಿರಬಹುದು, ಇಲ್ಲವೇ ಹಿಂದಿನ ಆಕ್ಸಲ್ ಜಾಗ ಬಿಟ್ಟಿರಬಹುದು. ಇದಕ್ಕೆ ಬಣ್ಣ ಹೊಡೆದ್ರೆ ಆಯ್ತೇ?

ಎಂಟು ವರ್ಷ ದಾಟಿದ ಬಸ್ಸಿಗೆ ವರ್ಷವರ್ಷವೂ ಎಫ್.ಸಿ. ಆಗಬೇಕೆಂಬ ನಿಯಮವಿದೆ. ದೀಪ, ಹಾರನ್ ನೋಡಿ ಸಹಿ ಹಾಕಿದರೆ ಅದು ಪರೀಕ್ಷೆಯಲ್ಲ, ಶಾಸ್ತ್ರ. ಗಾಡಿಯನ್ನು ಗುಂಡಿ ಮೇಲೆ ನಿಲ್ಲಿಸಿ, ಬ್ಯಾಟರಿ ಹಿಡಿದು ಕೆಳಗಿಳಿಯಬೇಕು. ಬಿರುಕು, ತುಕ್ಕು, ಹೊಸ ಬೆಸುಗೆ, ಸ್ಪ್ರಿಂಗ್ ಪ್ಲೇಟಿನ ಬೋಲ್ಟು ನೋಡಬೇಕು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಟೇಪು ಹಿಡಿದರೆ ಎಡಕ್ಕೂ ಬಲಕ್ಕೂ ಅಳತೆ ಒಂದೇ ಬರಬೇಕು. ಹಳೇ ವ್ಯಾನು ಕೊಳ್ಳುವ ಅಂಗಡಿಯವರಿಗೂ ಇದೇ ಮಾತು: ದುಡ್ಡು ಎಣಿಸೋ ಮುಂಚೆ ಅಡಿ ನೋಡಿ.

1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಗೆ ಹೇಳಿಕೊಡಬೇಕಿಲ್ಲ: ಬಗ್ಗಿದ ಕಬ್ಬಿಣವನ್ನು ನೆಟ್ಟಗೆ ಮಾಡಿದರೂ ಮೊದಲಿನ ಕಸುವು ಬಂದೀತೆಂದು ಕಣ್ಣುಮುಚ್ಚಿ ನಂಬುವಂತಿಲ್ಲ.

ಅಡಿ ಪರೀಕ್ಷಿಸಿದ ತಾರೀಖು, ಚಕ್ರದ ಅಳತೆ ಬರೆದ ಚೀಟಿಯನ್ನು ಬಸ್ಸಿನೊಳಗೆ ಅಂಟಿಸಲಿ. ಟಿಕೆಟ್ ಕೊಂಡವರಿಗೆ ಅಷ್ಟು ಕೇಳುವ ಹಕ್ಕಿಲ್ಲವೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?