ಮಂಡಿ ಒಳಗೆ ಬಾಗದಿರಲಿ

ಶನಿವಾರ ಬೆಳಗ್ಗೆ ಮೈದಾನದ ಅಂಚಿನಲ್ಲಿ ಮಡಿಚುವ ಕುರ್ಚಿ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕೂರುವ ಕನ್ನಡದ ಅಪ್ಪ ಅಮ್ಮಂದಿರು ಈಗ ಬಹಳ ಊರುಗಳಲ್ಲಿ ಸಿಗುತ್ತಾರೆ. ಮಗಳಿಗೆ ಹನ್ನೆರಡು ದಾಟುವ ಹೊತ್ತಿಗೆ ಕೋಚ್ ಕಡೆಯಿಂದ ಒಂದು ಸಂದೇಶ ಬರುತ್ತದೆ: ಮುಂದಿನ ತಿಂಗಳಿಂದ ವಾರಕ್ಕೆ ಎರಡು ದಿನ ಸ್ಟ್ರೆಂತ್ ಅಂಡ್ ಕಂಡೀಷನಿಂಗ್. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. ಊರಿಗೆ ಫೋನ್ ಮಾಡಿದಾಗ ಅಜ್ಜಿಯ ಕಿವಿಗೂ ಬೀಳುತ್ತದೆ. “ಈ ವಯಸ್ಸಿಗೇ ಭಾರ ಎತ್ತಿಸಬೇಡ್ರೋ, ಬೆಳವಣಿಗೆ ನಿಂತುಹೋಗುತ್ತೆ” ಅನ್ನುತ್ತಾರೆ. ನಿಮಗೂ ಒಳಗೊಳಗೆ ಅದೇ ಅಳುಕು ಇದ್ದರೆ ಆಶ್ಚರ್ಯವಿಲ್ಲ.

ಈ ಅಳುಕಿಗೆ ಆಧಾರ ಸಿಕ್ಕಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2020ರಲ್ಲಿ ಹೊರತಂದ ವರದಿಯೂ ಇದನ್ನೇ ಹೇಳುತ್ತದೆ: ಸರಿಯಾಗಿ ಯೋಜಿಸಿ, ತಿಳಿದವರು ಪಕ್ಕದಲ್ಲಿ ನಿಂತು ಮಾಡಿಸುವ ಬಲವರ್ಧನೆಯ ವ್ಯಾಯಾಮದಿಂದ ಮಕ್ಕಳ ಎತ್ತರ ಕುಂಠಿತವಾಗುವುದಿಲ್ಲ. ಬೆಳೆಯುವ ಮೂಳೆಯ ತುದಿಯಲ್ಲಿರುವ ಮೆತ್ತನೆಯ ಪದರಕ್ಕೆ ಪೆಟ್ಟಾಗುವ ಅಪಾಯವಿರುವುದು ಯಾರೂ ನೋಡಿಕೊಳ್ಳದಿದ್ದಾಗ, ಗೆಳೆಯರ ಜತೆ ಪಂಥ ಕಟ್ಟಿ ಶಕ್ತಿ ಮೀರಿ ಎತ್ತಲು ಹೋದಾಗ. ಅದರ ಮೇಲೆ ಕಣ್ಣಿಡಿ. ವ್ಯಾಯಾಮವನ್ನೇ ತಪ್ಪಿಸಬೇಡಿ.

ನಿಜವಾಗಿ ಹೆದರಬೇಕಾದದ್ದು ಬೇರೆ ಇದೆ, ಅದು ಮಂಡಿ. ಹೆಣ್ಣುಮಕ್ಕಳ ಫುಟ್‌ಬಾಲ್ ನೋಡುವ ಮನೆಯವರಿಗೆ ಎಸಿಎಲ್ ಎಂಬ ಮೂರಕ್ಷರ ಈಗ ಚೆನ್ನಾಗಿ ಗೊತ್ತು. ತೊಡೆಯ ಮೂಳೆಯನ್ನು ಕೆಳಗಾಲಿನ ಮೂಳೆಗೆ ಮಂಡಿಯೊಳಗೆ ಬಿಗಿದಿಡುವ ಕಟ್ಟುಗಳಲ್ಲಿ ಅದೂ ಒಂದು. 2023ರ ಮಹಿಳಾ ವಿಶ್ವಕಪ್ಪಿಗೆ ಇಂಗ್ಲೆಂಡಿನ ನಾಯಕಿ ಲಿಯಾ ವಿಲಿಯಮ್ಸನ್, ಬೆತ್ ಮೀಡ್, ನೆದರ್ಲೆಂಡ್ಸಿನ ವಿವಿಯಾನೆ ಮೀಡೆಮಾ ಮೂವರೂ ಹೋಗಲಾಗಲಿಲ್ಲ. ಮೂವರದೂ ಅದೇ ಗಾಯ. ಆಸ್ಟ್ರೇಲಿಯಾದ ಸ್ಯಾಮ್ ಕೆರ್ ಅವರಿಗೆ 2024ರ ಜನವರಿಯಲ್ಲಿ ಅಭ್ಯಾಸದ ಹೊತ್ತಿನಲ್ಲೇ ಆಯಿತು. ಹುಡುಗರಿಗೆ ಹೋಲಿಸಿದರೆ ಹುಡುಗಿಯರಿಗೆ ಈ ಗಾಯದ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಶಸ್ತ್ರಚಿಕಿತ್ಸೆ ಆದರೆ ಮತ್ತೆ ಪಂದ್ಯಕ್ಕೆ ಇಳಿಯಲು ಕಡಿಮೆಯೆಂದರೂ ಒಂಬತ್ತು ತಿಂಗಳು. ಹದಿನಾಲ್ಕರ ಹುಡುಗಿಗೆ ಒಂಬತ್ತು ತಿಂಗಳು ಎಂದರೆ ಒಂದು ಇಡೀ ಸೀಸನ್ನು, ಅದರ ಜತೆಗೆ ಆ ಗೆಳತಿಯರ ಗುಂಪು.

ಇಷ್ಟು ದೊಡ್ಡ ಗಾಯ ಹೆಚ್ಚಿನ ಸಲ ಯಾರೂ ಗುದ್ದದೆ ಆಗುತ್ತದೆ. ಓಡುತ್ತ ಓಡುತ್ತ ಥಟ್ಟನೆ ದಿಕ್ಕು ಬದಲಿಸುವಾಗ, ಹಾರಿ ನೆಲಕ್ಕೆ ಇಳಿಯುವಾಗ, ಒಂಟಿ ಕಾಲಿನ ಮೇಲೆ ಭಾರ ಬಿದ್ದು ಮಂಡಿ ಒಳಕ್ಕೆ ವಾಲುತ್ತದೆ, ಅಷ್ಟೇ. ಸೊಂಟದ, ತೊಡೆಯ ಹಿಂಭಾಗದ ಸ್ನಾಯುಗಳು ಗಟ್ಟಿಯಾಗಿದ್ದರೆ, ಇಳಿಯುವ ರೀತಿ ಅಭ್ಯಾಸವಾಗಿದ್ದರೆ ಅದು ವಾಲುವುದು ಕಡಿಮೆ. ಕೋಚ್ ಹೇಳುವ ಸ್ಟ್ರೆಂತ್ ಟ್ರೇನಿಂಗ್‌ನ ಅರ್ಧ ಉದ್ದೇಶವೇ ಇದು.

ಇದಕ್ಕೆಂದೇ ‘ಫಿಫಾ 11+’ ಎಂಬ ಕ್ರಮವೊಂದಿದೆ. ಹದಿನಾಲ್ಕು ಮತ್ತು ಮೇಲಿನವರಿಗೆ. ಅಭ್ಯಾಸದ ಮೊದಲಿಗೆ ಮೈ ಬಿಸಿ ಮಾಡಿಕೊಳ್ಳುವ ಬದಲಿಗೆ ಇದನ್ನೇ ಮಾಡುವುದು, ಇಪ್ಪತ್ತು ನಿಮಿಷ. ಎಂಟು ನಿಮಿಷ ನಿಧಾನದ ಓಟ, ಹತ್ತು ನಿಮಿಷ ಬಲ, ನೆಗೆತ ಮತ್ತು ಸಮತೋಲನ, ಕೊನೆಗೆ ಎರಡು ನಿಮಿಷ ಜೋರು ಓಟ. ಡಂಬೆಲ್ ಬೇಡ, ಜಿಮ್ ಬೇಡ, ಒಂದು ಚೆಂಡು ಮತ್ತು ಜತೆಗಾರ್ತಿ ಇದ್ದರೆ ಸಾಕು. ನಾರ್ವೆಯಲ್ಲಿ 13ರಿಂದ 17 ವರ್ಷದ ಸುಮಾರು 1,900 ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇದನ್ನು ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆ. ಗಂಭೀರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಚಿಕ್ಕವರಿಗೆ ಏಳು ವ್ಯಾಯಾಮಗಳ ‘11+ ಕಿಡ್ಸ್’ ಬೇರೆಯೇ ಇದೆ. ಅದರ ಪರೀಕ್ಷೆ ಜರ್ಮನಿ, ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳಲ್ಲಿ ನಡೆದು, ಅಲ್ಲೂ ಗಾಯಗಳು ಸುಮಾರು ಅರ್ಧದಷ್ಟು ತಗ್ಗಿದವು.

ತೊಡಕು ಒಂದೇ: ವಾರಕ್ಕೆ ಎರಡು ಸಲವಾದರೂ, ಬಿಡದೆ, ಸರಿಯಾಗಿ ಮಾಡಬೇಕು. ಬಹಳಷ್ಟು ಕೋಚ್‌ಗಳು ನಿಮ್ಮಂತೆಯೇ ಕೆಲಸ ಮುಗಿಸಿ ಓಡಿಬರುವ ಅಪ್ಪಂದಿರು. ಒಂದು ಗಂಟೆಯ ಅಭ್ಯಾಸದಲ್ಲಿ ಇಪ್ಪತ್ತು ನಿಮಿಷ ಇದಕ್ಕೆ ಕೊಡಲು ಕೈ ಬರುವುದಿಲ್ಲ. ಕೇಳಿ. “ನಮ್ಮ ತಂಡ 11+ ಮಾಡುತ್ತಾ?” ಎಂದು ಕೇಳುವುದರಿಂದ ಯಾರಿಗೂ ಮುಜುಗರವಾಗಬೇಕಿಲ್ಲ. ಇಲ್ಲವೆಂದರೆ ಬಲದ ಭಾಗವನ್ನಾದರೂ ಮನೆಯ ಹಜಾರದಲ್ಲಿ ಮಾಡಿಸಬಹುದು.

ಇಲ್ಲಿ ಕನ್ನಡಕ್ಕೆ ಒಂದು ಒಳ್ಳೆಯ ಜಾಗವಿದೆ. ಸ್ಕ್ವಾಟ್ ಎಂದರೆ ನಮ್ಮ ಬಸ್ಕಿಯ ಹತ್ತಿರದ ನೆಂಟ. ಗರಡಿಮನೆಯ ಪೈಲ್ವಾನರು ನೂರುಗಟ್ಟಲೆ ಹೊಡೆದದ್ದೂ ಅದನ್ನೇ, ನಮ್ಮಲ್ಲಿ ಅನೇಕರು ಮನೆಗೆಲಸ ಮಾಡದೆ ಹೋದ ದಿನ ಮೇಷ್ಟ್ರ ಮುಂದೆ ಹೊಡೆದದ್ದೂ ಅದನ್ನೇ. (ನಮಗೆ ಶಿಕ್ಷೆಯಾಗಿದ್ದಕ್ಕೆ ಮಕ್ಕಳ ಕ್ಲಬ್ಬಿಗೆ ಈಗ ಫೀಸು ಕಟ್ಟುತ್ತಿದ್ದೇವೆ.) ವಿಡಿಯೋ ಕರೆಯಲ್ಲಿ ಅಜ್ಜನಿಗೆ ಮೊಮ್ಮಗಳು ಬಸ್ಕಿ ಹೊಡೆದು ತೋರಿಸಲಿ, ಅಜ್ಜ ಎಣಿಸಲಿ. ಹನ್ನೊಂದರಿಂದ ಇಪ್ಪತ್ತರವರೆಗಿನ ಕನ್ನಡದ ಎಣಿಕೆಯಲ್ಲಿ ತಡವರಿಸುವ ಮಕ್ಕಳಿಗೆ ಇದಕ್ಕಿಂತ ಸುಲಭದ ಪಾಠ ನನಗಂತೂ ಕಂಡಿಲ್ಲ.

ಮಾಡಿಸುವಾಗ ಮಗುವಿನ ಎದುರಿಗೆ ಕೂತು ನೋಡಿ. ಮಂಡಿ ಪಾದದ ನೇರಕ್ಕೆ ಇದೆಯೇ, ಒಳಗೆ ಕೂಡಿಕೊಳ್ಳುತ್ತಿದೆಯೇ? ಇಳಿಯುವಾಗ ಸದ್ದು ಕೇಳಿ. ಧೊಪ್ಪೆಂದರೆ ಸೊಂಟ, ಮಂಡಿ ಬಾಗದೆ ಇಳಿದಿದ್ದಾಳೆ ಎಂದರ್ಥ. “ಬೆಕ್ಕಿನ ಹಾಗೆ ಇಳಿ” ಅನ್ನಿ, ಐದು ವರ್ಷದವನಿಗೂ ಗೊತ್ತಾಗುತ್ತದೆ. ತೊಡೆಯ ಹಿಂಭಾಗಕ್ಕಿರುವ ನಾರ್ಡಿಕ್ ವ್ಯಾಯಾಮಕ್ಕೆ ಮಾತ್ರ ನಿಮ್ಮ ಕೈ ಬೇಕು: ಅವಳು ಮೆತ್ತನೆಯ ಚಾಪೆಯ ಮೇಲೆ ಮಂಡಿಯೂರಿ ನೆಟ್ಟಗೆ ನಿಲ್ಲುತ್ತಾಳೆ, ನೀವು ಹಿಂದಿನಿಂದ ಎರಡೂ ಕಾಲಿನ ಗಿಣ್ಣು ಒತ್ತಿಹಿಡಿಯುತ್ತೀರಿ, ಅವಳು ಬೆನ್ನು ಬಗ್ಗಿಸದೆ ಎಷ್ಟು ನಿಧಾನವಾಗಿ ಆಗುತ್ತೋ ಅಷ್ಟು ನಿಧಾನವಾಗಿ ಮುಂದಕ್ಕೆ ವಾಲಿ, ಕೊನೆಗೆ ಕೈಯೂರುತ್ತಾಳೆ. ಮೊದಲ ವಾರ ಮೂರು ನಾಲ್ಕು ಸಾಕು. ಮಾರನೆಯ ದಿನ ತೊಡೆ ಹಿಡಿದುಕೊಳ್ಳುತ್ತದೆ, ಹೆದರಬೇಡಿ.

ಊಟದ ವಿಷಯ ಚುಟುಕಾಗಿ. ಸಸ್ಯಾಹಾರಿ ಮನೆಗಳಲ್ಲಿ ಬೇಳೆ, ಕಾಳು, ಮೊಸರು ಅನ್ನದ ಲೆಕ್ಕಕ್ಕೆ ಸಮನಾಗಿ ತಟ್ಟೆಗೆ ಬರಲಿ; ಪ್ರೋಟೀನ್ ಪುಡಿಯ ಡಬ್ಬಿಗೆ ಅವಸರವಿಲ್ಲ. ಬ್ರಿಟನ್ನಿನಂಥ ಮೋಡದ ದೇಶಗಳಲ್ಲಿ ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ಕೊರತೆ ಸುಲಭ. ಅಲ್ಲಿನ ಸರ್ಕಾರವೇ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳಲು ಹೇಳುತ್ತದೆ. ಮುಟ್ಟು ಶುರುವಾದ ಹುಡುಗಿಗೆ ಅಭ್ಯಾಸ ಹೆಚ್ಚಾದ ಮೇಲೆ ಮೂರು ತಿಂಗಳು ಅದು ನಿಂತರೆ ಗೆಲುವಿನ ಗುರುತೆಂದು ಕೋಚ್ ಹೇಳಿದರೂ ನಂಬಬೇಡಿ. ಆಟಕ್ಕೆ ತಕ್ಕ ಊಟ ಸಾಲುತ್ತಿಲ್ಲದಿರಬಹುದು, ವೈದ್ಯರಿಗೆ ತೋರಿಸಬೇಕು. ವಿಶ್ರಾಂತಿಗೂ ಒಂದು ಸರಳ ಲೆಕ್ಕವಿದೆ: ವಾರದ ಆಟದ ಗಂಟೆಗಳು ಮಗುವಿನ ವಯಸ್ಸಿನ ಅಂಕೆ ದಾಟಬಾರದು, ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ.

ಇನ್ನು ನೋವು. ಬೆಳೆಯುವ ಮಕ್ಕಳಲ್ಲಿ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂದೆ ನೋವು ಸಾಮಾನ್ಯ. ಆಟ ತಗ್ಗಿಸಿದರೆ ಅದು ತಗ್ಗುತ್ತದೆ, ಆದರೆ ಅದುಮಿಕೊಂಡು ಆಡಿದರೆ ಎಳೆಯುತ್ತದೆ. ಯಾವ ನೋವು ಎಂದು ತಿಳಿಯಲು ಮಕ್ಕಳಿಗೆ ಮಾತು ಬೇಕು. ಬರೀ “ಹರ್ಟ್ಸ್” ಅಂದರೆ ಏನೂ ಗೊತ್ತಾಗುವುದಿಲ್ಲ. ಹಿಮ್ಮಡಿ, ಮೀನಖಂಡ, ತೊಡೆಸಂದು ಎಂಬ ಹೆಸರುಗಳನ್ನು, ಸೆಳೆತ, ಉಳುಕು, ಚುಚ್ಚುವುದು, ಜೋಮು ಹಿಡಿಯುವುದು ಎಂಬ ವ್ಯತ್ಯಾಸಗಳನ್ನು ಮೈ ಮುಟ್ಟಿ ತೋರಿಸಿ ಕಲಿಸಿ. ಸೆಳೆತ ಎಂದರೆ ಒಂದು ದಿನ ನೋಡಬಹುದು. ಆದರೆ ತಿರುಗುವಾಗ ಮಂಡಿಯೊಳಗೆ ‘ಟಪ್’ ಅಂದಿತು ಎಂದು ಅವಳು ಹೇಳಿದರೆ, ಒಂದೆರಡು ಗಂಟೆಯಲ್ಲೇ ಊದಿಕೊಂಡರೆ, ಅವಳು ನಡೆದುಕೊಂಡೇ ಕಾರಿಗೆ ಬಂದರೂ ಅಂದೇ ವೈದ್ಯರಿಗೆ ತೋರಿಸಿ. ಆ ಪಂದ್ಯದ ಉಳಿದ ಹತ್ತು ನಿಮಿಷಕ್ಕೆ ಮತ್ತೆ ಒಳಗೆ ಕಳಿಸಬೇಡಿ, ಸ್ಕೋರು ಎಷ್ಟೇ ಇರಲಿ.