ಅರವಿಂದಸ್ವಾಮಿ ನಿಂತ ಗೋಡೆ!

1995ರ ‘ಬಾಂಬೆ’ ನೋಡಿದವರಿಗೆ ಬೇಕಲ ಕೋಟೆಯ ಪರಿಚಯ ಬೇಕಿಲ್ಲ. ಮಳೆ, ಪಾಚಿ ಹಿಡಿದ ಗೋಡೆ, ಹುಚ್ಚೆದ್ದ ಕಡಲು, ಓಡೋಡಿ ಬರುವ ಮನಿಷಾ... ‘ಉಯಿರೇ’ ಹಾಡು ಇಲ್ಲೇ ಸ್ವಾಮಿ! ಮಣಿರತ್ನಂಗೆ ಸೆಟ್ ಹಾಕಿಸುವ ಗೋಜೇ ಬೀಳಲಿಲ್ಲ. ಸೆಟ್ ಹಾಕಿಟ್ಟವನು ಕೆಳದಿಯ ಶಿವಪ್ಪನಾಯಕ, ಸುಮಾರು 1650ರಲ್ಲೇ! ನಮ್ಮ ಹುಡುಗರು ಮಾತ್ರ ‘ತಮಿಳು ಹಾಡಿನ ಜಾಗ’ ಅಂತಾರೆ. ಏನು ಹೇಳೋಣ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು, ಕೋಟೆಯೂ ಜೊತೆಗೇ ಹೋಯ್ತು.

ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್. ಒಳಗೆ 40 ಎಕರೆಯಷ್ಟು ಜಾಗ, ಕಾಲು ಸೋಲುವಷ್ಟು ನಡೆಯಬಹುದು. ಮೊದಲು ನಡುವಿನ ವೀಕ್ಷಣಾ ಬುರುಜು ಹತ್ತಿ, ಆಮೇಲೆ ಗೋಡೆಗುಂಟ ಸಾಗಿ ಕಡಲಿಗೆ ಚಾಚಿದ ಬತೇರಿಯ ಕಡೆ ಇಳೀರಿ.

ಒಂದು ಮಾತು. ಈ ಜಾಗದ ಮಜಾ ಇರೋದು ಮಳೆಗಾಲದಲ್ಲಿ, ಅಪಾಯ ಇರೋದೂ ಆಗಲೇ. ಪಾಚಿ ಕಟ್ಟಿದ ಮುರಕಲ್ಲು ಸೋಪಿನ ಹಾಗೆ ಜಾರುತ್ತೆ. ಹೀರೋ ಜಾರಿದರೆ ಹಿಡಿಯೋಕೆ ಇಡೀ ಯೂನಿಟ್ ಇರುತ್ತೆ. ನಿಮಗಿರೋದು ಮೊಬೈಲ್ ಹಿಡಿದು ‘ಇನ್ನೊಂಚೂರು ಹಿಂದೆ ಹೋಗೋ’ ಅನ್ನೋ ಗೆಳೆಯ! ‘ಕಟ್’ ಹೇಳೋರು ಯಾರು?

ಗೋಡೆಯ ಮೇಲೆ ಹತ್ತಬೇಡಿ, ಈಚೆಗೇ ನಿಲ್ಲಿ. ಸಂಜೆ ಬೆಳಕಲ್ಲಿ ಅಲೆ ಬಂದು ಬಂಡೆಗೆ ಬಡಿಯೋದನ್ನ ಅರ್ಧ ಗಂಟೆ ನೋಡಿ. ಟಿಕೆಟ್ ದುಡ್ಡು ಅಲ್ಲೇ ವಸೂಲ್.