ನೆಪ್ಚೂನ್‌ನ ಸಾಲನ್ನೂ ಬರೆಯಿರಿ

ಗ್ರಹಗಳ ದೂರ ಕಲಿಸಲು ಟಿಷಿಯಸ್-ಬೋಡೆ ಸೂತ್ರ ಅನುಕೂಲಕರ. 0, 3, ಮುಂದೆ ದುಪ್ಪಟ್ಟಾಗುತ್ತ 6, 12, 24. ಪ್ರತಿಯೊಂದಕ್ಕೂ 4 ಕೂಡಿಸಿ 10ರಿಂದ ಭಾಗಿಸಿದರೆ ಬುಧ 0.4, ಶುಕ್ರ 0.7, ಭೂಮಿ 1 ಖಗೋಳಮಾನ. 1781ರಲ್ಲಿ ಪತ್ತೆಯಾದ ಯುರೇನಸ್ ಇರುವುದು 19.2ರಲ್ಲಿ, ಸೂತ್ರದ ಉತ್ತರ 19.6. ಖಾಲಿಯಿದ್ದ 2.8ರ ಸ್ಥಾನದಲ್ಲಿ 1801ರಲ್ಲಿ ಸೀರಿಸ್ ಸಿಕ್ಕಿತು.

ಪಾಠ ಇಲ್ಲಿಗೇ ನಿಂತರೆ ಮಕ್ಕಳು ಬೆರಗಾಗುತ್ತಾರೆ, ಸೂತ್ರವನ್ನೇ ಕಾರಣವೆಂದು ನಂಬುತ್ತಾರೆ. 1846ರಲ್ಲಿ ಪತ್ತೆಯಾದ ನೆಪ್ಚೂನ್‌ಗೆ ಸೂತ್ರ ಕೊಡುವುದು 38.8, ಅದು ಇರುವುದು 30.1ರಲ್ಲಿ. ಪ್ರಶಿಕ್ಷಣಾರ್ಥಿಗಳು ಈ ಸಾಲನ್ನೂ ಹಲಗೆಯ ಮೇಲೆ ಬರೆಯಲೇಬೇಕು. ಲೆಕ್ಕ ತಾಳೆಯಾಗುವುದು ಬೇರೆ, ಕಾರಣ ತಿಳಿಯುವುದು ಬೇರೆ ಎಂಬುದು ಮಕ್ಕಳಿಗೆ ಅರಿವಾಗುವುದು ಅಲ್ಲಿಯೇ.

ಕಾರಣವನ್ನು ಗುರುತ್ವದಲ್ಲಿ ಹುಡುಕಬೇಕು. ತೀರ ಹತ್ತಿರದ ಕಕ್ಷೆಗಳಲ್ಲಿರುವ ಗ್ರಹಗಳು ಒಂದನ್ನೊಂದು ಎಳೆದು ಕದಲಿಸುತ್ತವೆ; ಕೆಲವು ಡಿಕ್ಕಿಯಾಗುತ್ತವೆ, ಕೆಲವು ಹೊರಗೆ ಎಸೆಯಲ್ಪಡುತ್ತವೆ. ಸಾಮಾನ್ಯವಾಗಿ ಸಾಕಷ್ಟು ಅಂತರವಿರುವವೇ ಕೋಟ್ಯಂತರ ವರ್ಷ ಉಳಿಯುತ್ತವೆ. ಆ ಅಂತರಗಳನ್ನೆಲ್ಲ ಕರಾರುವಾಕ್ಕಾಗಿ ಹೇಳುವ ಒಂದು ಸೂತ್ರವಿಲ್ಲ.

ಪಾಠ ವೀಕ್ಷಿಸುವ ನಾವೂ ಬದಲಾಗಬೇಕು. ತಾಳೆಯಾಗದ ಸಾಲಿನ ಮುಂದೆ ನಿಂತು ‘ಯಾಕೆ ಹೀಗೆ?’ ಎಂದು ತರಗತಿಯನ್ನು ಕೇಳುವ ಪ್ರಶಿಕ್ಷಣಾರ್ಥಿಗೆ ಅಂಕ ಕಡಿಯಬಾರದು, ಹೆಚ್ಚು ಕೊಡಬೇಕು.